ಐದು ಮನೆ ಮಾತು, ಒಂದು ಪೂಜೆ

ನಮ್ಮೂರಿನ ಚರ್ಚ್‌ನಲ್ಲಿ ಭಾನುವಾರದ ಪೂಜೆ ನಡೆಯುವುದು ಕನ್ನಡದಲ್ಲಿ. ಆದರೆ ಅಲ್ಲಿ ಸೇರುವವರಲ್ಲಿ ಮನೆಯಲ್ಲೂ ಕನ್ನಡವನ್ನೇ ಮಾತಾಡುವವರು ಹಾಸನದ ಕಡೆಯಿಂದ ಬಂದ ಒಂದೇ ಒಂದು ಕುಟುಂಬ. ನಮ್ಮ ಮನೆಯಲ್ಲಿ ಕೊಂಕಣಿ. ನಮ್ಮ ಹಿಂದಿನ ಬೆಂಚಿನವರದು ಮಲಯಾಳ. ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸದವರ ಸಾಲು ಮನೆಗಳಿಂದ, ಬರುವವರು ಜಾಸ್ತಿ ತಮಿಳಿನವರು. ಇತ್ತೀಚಿನ ವರ್ಷಗಳಲ್ಲಿ ಜಾರ್ಖಂಡ್, ಅಸ್ಸಾಂ ಕಡೆಯ ಯುವಕ ಯುವತಿಯರೂ ಬರುತ್ತಿದ್ದಾರೆ. ಅವರು ತಮ್ಮೊಳಗೆ ಸಾದ್ರಿ ಮಾತಾಡಿಕೊಳ್ಳುತ್ತಾರೆ.

ವಿರಾಜಪೇಟೆಯಿಂದ ಸಿದ್ದಾಪುರದ ಕಡೆಗಿರುವ ಕಾಫಿ ತೋಟಗಳ ನಡುವೆ ನಮ್ಮ ಚರ್ಚ್ ಇದೆ. ಅದನ್ನು ನೋಡಲು ಪ್ರವಾಸಿಗಳು ಯಾರೂ ಬರುವುದಿಲ್ಲ. ಶೀಟ್ ಹೊದಿಸಿದ ಮಾಡು, ಎದುರಿಗೆ ಒಂದು ಗಂಟೆ ಕಂಬ, ಪಕ್ಕದಲ್ಲಿ ಸಣ್ಣ ಹಾಲ್, ಹಿಂದೆ ಸ್ಮಶಾನ, ಅದರಾಚೆಗೆ ಗದ್ದೆ. ಇಷ್ಟೇ. ಆದರೂ ಕೊಡಗು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಅವರನ್ನು ಒಂದು ಭಾನುವಾರ ಇಲ್ಲಿಗೇ ಕರೆದುಕೊಂಡು ಬರುತ್ತೇನೆ.

ಈ ಜಿಲ್ಲೆಯಲ್ಲಿ ಕ್ರೈಸ್ತರ ಕಥೆ ಶುರುವಾಗುವುದೇ ಬೇರೆ ಕಡೆಯಿಂದ ಓಡಿ ಬಂದವರಿಂದ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಹುಟ್ಟಿಕೊಂಡದ್ದು ಹಾಗೆ, 1792ರಲ್ಲಿ. ಈಗ ನಾವು ನೋಡುವ ಎತ್ತರದ ಗೋಥಿಕ್ ಕಟ್ಟಡ ಆಮೇಲಿನದು. ಲಿಂಗಾಯತ ಅರಸನೊಬ್ಬ ಕೊಂಕಣಿ ಮಾತಿನ ಕ್ರೈಸ್ತರನ್ನು ಕೊಡವರ ನಾಡಿನಲ್ಲಿ ಕೂರಿಸಿದ. ಆ ಒಂದು ವಾಕ್ಯದಲ್ಲೇ ಎಷ್ಟು ಜನ ಸೇರಿದ್ದಾರೆ ನೋಡಿ.

ಆಮೇಲೆ ಕಾಫಿ ಬಂತು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1854ರಲ್ಲಿ ಫೌಲರ್ ಎಂಬ ಬಿಳಿಯ ಪ್ಲಾಂಟರ್ ಮಡಿಕೇರಿಯಲ್ಲಿ ತೋಟ ಶುರು ಮಾಡಿದ. ತೋಟಕ್ಕೆ ಕೈ ಬೇಕು. ಘಟ್ಟದ ಕೆಳಗಿನಿಂದ, ಮಲಬಾರಿನಿಂದ, ತಮಿಳು ಸೀಮೆಯಿಂದ, ಮೈಸೂರಿನ ಕಡೆಯಿಂದ ಜನ ಬಂದರು. ನಮ್ಮ ಅಜ್ಜ ಮಂಗಳೂರಿನ ಕಡೆಯಿಂದ ಒಂದು ತೋಟಕ್ಕೆ ರೈಟರ್ ಆಗಿ ಬಂದವರು. ತೋಟದ ಲೆಕ್ಕ ಬರೆಯುವವರನ್ನು ಇಲ್ಲಿ ಈಗಲೂ ರೈಟ್ರು ಅಂತಲೇ ಕರೆಯುತ್ತಾರೆ. ಮಲಯಾಳಿ ಕುಟುಂಬಗಳು ಕಣ್ಣೂರು, ವಯನಾಡಿನ ಕಡೆಯಿಂದ ಬಂದು ಜಾಗ ಕೊಂಡು ಮೆಣಸು, ಶುಂಠಿ ಬೆಳೆದವು. ತಮಿಳಿನವರು ಮೇಸ್ತ್ರಿಗಳ ಹಿಂದೆ ಬಂದರು. ಎಲ್ಲರೂ ತಮ್ಮ ತಮ್ಮ ಸಂತರನ್ನು ತಂದರು, ಹಾಡು ತಂದರು, ಉಪವಾಸದ ಕ್ರಮ ತಂದರು.

ಹಳಬರು ಹೇಳುತ್ತಿದ್ದರು, ಮೊದಲು ಪೂಜೆ ಲ್ಯಾಟಿನ್‌ನಲ್ಲಿ ಇದ್ದಾಗ ಈ ಪ್ರಶ್ನೆಯೇ ಇರಲಿಲ್ಲವಂತೆ. ಫಾದರ್ ಪೀಠದ ಕಡೆ ಮುಖ ಮಾಡಿ ತಮ್ಮ ಪಾಡಿಗೆ ಹೇಳುತ್ತಿದ್ದರು. ಜನ ಹಿಂದೆ ಕೂತು ತಮ್ಮ ತಮ್ಮ ಭಾಷೆಯಲ್ಲಿ ಜಪಸರ ಎಣಿಸುತ್ತಿದ್ದರು. ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಜನರ ಭಾಷೆಯಲ್ಲಿ ಪೂಜೆ ಮಾಡಲು ದಾರಿ ತೆರೆಯಿತು. ಜನರ ಭಾಷೆ ಸರಿ, ಆದರೆ ನಮ್ಮ ಊರಲ್ಲಿ ಯಾವ ಜನರ ಭಾಷೆ?

ಕೊಡಗಿನಲ್ಲಿ ಆ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಇತ್ತು ಅನಿಸುತ್ತದೆ. ರಾಜರ ಕಾಲದಲ್ಲೇ ಇಲ್ಲಿನ ಬರವಣಿಗೆಯೆಲ್ಲ ಕನ್ನಡದ್ದು. ದೊಡ್ಡವೀರರಾಜೇಂದ್ರ ತನ್ನ ವಂಶದ ಕಥೆಯನ್ನು ಬರೆಸಿದ್ದು ಕನ್ನಡದಲ್ಲೇ. ಕೊಡವರು ಮನೆಯಲ್ಲಿ ಕೊಡವ ತಕ್ಕ್ ಮಾತಾಡುತ್ತಾರೆ, ಗೌಡರು ಅರೆಭಾಷೆ, ಬ್ಯಾರಿಗಳು ಬ್ಯಾರಿ, ಯರವರು ಯರವ ಮಾತು. ಸಂತೆಗೆ ಬಂದರೆ ಎಲ್ಲರೂ ಕನ್ನಡ. ಹಾಗಾಗಿ ಚರ್ಚ್ ಹೊಸದಾಗಿ ಏನನ್ನೂ ಮಾಡಬೇಕಾಗಲಿಲ್ಲ. ಸಂತೆಯಲ್ಲಿ ಬಳಸುತ್ತಿದ್ದ ಮಾತನ್ನೇ ದೇವರ ಮುಂದೆ ತಂದಿಟ್ಟೆವು. ಮೆಣಸಿನ ರೇಟು ಕೇಳಿದ ಮಾತಲ್ಲೇ ಮಗುವಿನ ಜ್ವರ ಇಳಿಯಲಿ ಅಂತ ಬೇಡಿಕೊಳ್ಳುವುದು ನನಗೆ ಬಹಳ ಹಿಡಿಸುತ್ತದೆ.

ನಮ್ಮದು ಪೂರ್ಣ ಧರ್ಮಕೇಂದ್ರ ಅಲ್ಲ. ಮೈಸೂರು ಧರ್ಮಕ್ಷೇತ್ರದ ಒಂದು ದೊಡ್ಡ ಚರ್ಚ್‌ಗೆ ಸೇರಿದ ಉಪಕೇಂದ್ರ. ಫಾದರ್ ಅಲ್ಲಿ ಬೆಳಗಿನ ಪೂಜೆ ಮುಗಿಸಿ ಜೀಪಿನಲ್ಲಿ ಇಲ್ಲಿಗೆ ಬರುತ್ತಾರೆ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಬರಲು ಆಗುವುದಿಲ್ಲ. ಆಗ ಧರ್ಮಪಾಠ ಹೇಳಿಕೊಡುವ ಉಪದೇಶಿಯವರು ಪ್ರಾರ್ಥನೆ ನಡೆಸುತ್ತಾರೆ. ಈ ಉಪದೇಶಿಯವರ ತಂದೆಯೂ ಇದೇ ಚರ್ಚ್‌ನ ಉಪದೇಶಿಯಾಗಿದ್ದವರು. ಮನೆಯಲ್ಲಿ ತಮಿಳು. ಆದರೆ ಬೈಬಲ್‌ನ ಕನ್ನಡವನ್ನು ಅವರಷ್ಟು ಚೆನ್ನಾಗಿ ಓದುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದೊಂದು ಪದವನ್ನೂ ನೆಲದ ಮೇಲೆ ಇಟ್ಟು ಇಟ್ಟು ಹೋಗುವ ಹಾಗೆ ಓದುತ್ತಾರೆ, ಯಾವುದನ್ನೂ ನುಂಗುವುದಿಲ್ಲ.

ಜುಲೈ ತಿಂಗಳ ಪೂಜೆಯ ಬಗ್ಗೆ ಹೇಳಲೇಬೇಕು. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಮೈಕ್ ಇದ್ದರೂ ಪ್ರಯೋಜನವಿಲ್ಲ. ಕರೆಂಟೂ ಇರುವುದಿಲ್ಲ, ಅದು ಬೇರೆ ಮಾತು. ಫಾದರ್ ಪ್ರಬೋಧನೆ ನಿಲ್ಲಿಸಿ ಸುಮ್ನೆ ಕೂತುಬಿಡುತ್ತಾರೆ. ನಾವೂ ಕೂತಿರುತ್ತೇವೆ. ಮಕ್ಕಳು ಅಮ್ಮಂದಿರ ಶಾಲಿನೊಳಗೆ ಸೇರಿಕೊಳ್ಳುತ್ತಾರೆ. ಬಾಗಿಲ ಹತ್ತಿರ ಕೊಡೆಗಳ ರಾಶಿಯಿಂದ ನೀರು ಹರಿದು ಮೆಟ್ಟಿಲ ಕಡೆ ಹೋಗುತ್ತಿರುತ್ತದೆ. ಒದ್ದೆ ಸ್ವೆಟರ್, ಕರ್ಪೂರ ಹಾಕಿದ ಎಣ್ಣೆ, ಮೇಣದ ಬತ್ತಿ, ಎಲ್ಲ ಸೇರಿ ಒಂದು ವಾಸನೆ. ಮಳೆ ಸ್ವಲ್ಪ ತಗ್ಗಿದಾಗ ಯಾರೋ ಒಬ್ಬರು ಹಾಡು ಎತ್ತುತ್ತಾರೆ. ಮಳೆಯ ಸದ್ದನ್ನು ಮೀರಿ ಕೇಳಬೇಕಾದರೆ ಎಲ್ಲರೂ ಗಂಟಲು ಬಿಟ್ಟು ಹಾಡಲೇಬೇಕು. ನಮ್ಮ ಗಾನವೃಂದದಲ್ಲಿ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ ಬಿಟ್ಟರೆ ಏನೂ ಇಲ್ಲ. ಆದರೂ ಜುಲೈನಲ್ಲಿ ನಾವು ಹಾಡುವ ಹಾಗೆ ಡಿಸೆಂಬರ್‌ನಲ್ಲಿ ಹಾಡುವುದಿಲ್ಲ.

ಹಿಂದಿನ ಬೆಂಚಿನ ಮಲಯಾಳಿ ಅಕ್ಕ, ನಾವೆಲ್ಲ ಚೇಚಿ ಅಂತ ಕರೆಯುವವರ ಹತ್ತಿರ ಒಂದು ನೋಟ್‌ಬುಕ್ ಇದೆ. ಮದುವೆಯಾಗಿ ಕಣ್ಣೂರಿನ ಕಡೆಯಿಂದ ಇಲ್ಲಿಗೆ ಬಂದಾಗ ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಪೂಜೆಯ ಉತ್ತರಗಳನ್ನು, ಹಾಡುಗಳನ್ನು ಕೇಳಿ ಕೇಳಿ ಮಲಯಾಳ ಲಿಪಿಯಲ್ಲಿ ಬರೆದುಕೊಂಡರು. ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯ ಬೈಂಡ್. ಪುಟಗಳ ಅಂಚು ಎಣ್ಣೆ ಕೈಯಿಂದ ಮುಟ್ಟಿ ಮುಟ್ಟಿ ಕಂದಾಗಿದೆ. ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲ್ ಗುರುತು, ಅಲ್ಲಿ ರಾಗ ಮೇಲೆ ಹೋಗುತ್ತದೆ ಅಂತ. ಈಗ ಅವರಿಗೆ ಎಲ್ಲ ಬಾಯಿಪಾಠ. ಆದರೂ ಪುಸ್ತಕ ಬಿಚ್ಚದೆ ಹಾಡುವುದಿಲ್ಲ. ನನ್ನ ಅಮ್ಮನ ಕೈಯಲ್ಲೂ ಹಾಗೇ ಒಂದು ಪುಸ್ತಕ ಇತ್ತು. ಕೊಂಕಣಿ ಪ್ರಾರ್ಥನೆಗಳೆಲ್ಲ ಕನ್ನಡ ಲಿಪಿಯಲ್ಲಿ. ಒಬ್ಬರದು ಇನ್ನೊಬ್ಬರ ಮಾತು ತಮ್ಮ ಅಕ್ಷರದಲ್ಲಿ, ಇನ್ನೊಬ್ಬರದು ತಮ್ಮ ಮಾತು ಇನ್ನೊಬ್ಬರ ಅಕ್ಷರದಲ್ಲಿ. ಇಬ್ಬರೂ ಅಕ್ಕಪಕ್ಕ ಮಂಡಿಯೂರಿ ಪ್ರಾರ್ಥಿಸಿದವರು.

ವರ್ಷದಲ್ಲಿ ನನಗೆ ತುಂಬ ಇಷ್ಟವಾದ ದಿನ ಸೆಪ್ಟೆಂಬರ್ 8. ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಕೊಂಕಣಿ ಮನೆಗಳಿಗೆ ಅದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಅದರ ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ತಮಿಳಿನವರಿಗೆ ಅದೇ ದಿನ ವೇಲಾಂಕಣ್ಣಿ ಮಾತೆಯ ಹಬ್ಬ. ಅವರು ಕಾವಿ ಬಣ್ಣದ ಸೀರೆ ಉಟ್ಟು ವ್ರತ ಹಿಡಿಯುತ್ತಾರೆ, ಬಾವುಟ ಏರಿಸುತ್ತಾರೆ. ಮಲಯಾಳಿಗಳಿಗೆ ಸೆಪ್ಟೆಂಬರ್ 1ರಿಂದ 8ರವರೆಗೆ ಎಂಟು ದಿನದ ನೋಂಬು, ಮೀನು ಮಾಂಸ ಮುಟ್ಟುವುದಿಲ್ಲ. ಮೂರು ಊರಿನ ಮೂರು ಭಕ್ತಿ ಒಂದೇ ತಾರೀಖಿಗೆ ಬಂದು ಸೇರುತ್ತವೆ. ನಮ್ಮ ಅಂಗಳದಲ್ಲಿ ಆ ದಿನ ಬಾವುಟವೂ ಇರುತ್ತದೆ, ಹೂಬುಟ್ಟಿಯೂ ಇರುತ್ತದೆ.

ಒಂದು ತೊಂದರೆ ಮಾತ್ರ ಇದೆ. ಆ ಹೊತ್ತಿಗೆ ಕೊಡಗಿನ ಗದ್ದೆಯಲ್ಲಿ ತೆನೆಯೇ ಇರುವುದಿಲ್ಲ. ಇಲ್ಲಿ ನಾಟಿ ಮುಗಿಯುವುದೇ ಆಗಸ್ಟ್ ಹೊತ್ತಿಗೆ. ಸೆಪ್ಟೆಂಬರ್ 3ರ ಕೊಡವರ ಆಯುಧ ಪೂಜೆ ಕೈಲ್ ಮುಹೂರ್ತಕ್ಕೆ ಪೈರು ಇನ್ನೂ ಹಸಿರು ಹಸಿರು. ಹೊಸ ಅಕ್ಕಿ ಕಾಣಬೇಕಾದರೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯವರೆಗೆ ಕಾಯಬೇಕು. ಕರಾವಳಿಯ ಹಬ್ಬವನ್ನು ಘಟ್ಟದ ಮೇಲೆ ಮಾಡಲು ಹೊರಟರೆ ಹೀಗೇ ಆಗುವುದು. ಅದಕ್ಕೆ ಸುಳ್ಯದ ಕಡೆಯ ನಮ್ಮ ಸಂಬಂಧಿಕರು ಹಿಂದಿನ ದಿನ ತೆನೆ ಕೊಯ್ದು, ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಕಟ್ಟಿ ಬಸ್ಸಿನಲ್ಲಿ ಕಳುಹಿಸುತ್ತಾರೆ. ಅದು ಸಂಪಾಜೆ ಘಾಟಿ ಹತ್ತಿ ಬರುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಫಾದರ್ ಆಶೀರ್ವದಿಸಿ ಮನೆಗೆ ಎರಡೆರಡು ತೆನೆ ಹಂಚುತ್ತಾರೆ. ನಾವು ಅದರ ಕಾಳು ಸುಲಿದು ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕಿ ಊಟಕ್ಕೆ ಮೊದಲು ಎಲ್ಲರಿಗೂ ಕೊಡುತ್ತೇವೆ. ಚೇಚಿ ಅದನ್ನು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಲೈನ್ ಮನೆಯವರು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಅವರವರಿಗೆ ಸರಿ ಕಂಡ ಹಾಗೆ.

ಊಟ ಹಾಲ್‌ನಲ್ಲಿ, ಬಾಳೆ ಎಲೆಯಲ್ಲಿ. ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಕೊನೆಗೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ, ನಮ್ಮ ವೋರ್ನ್. ಮಕ್ಕಳಿಗೆ ಕಬ್ಬು. ಪಕ್ಕದ ಕೊಡವ ಮನೆಯ ಅಜ್ಜ ಪ್ರತಿ ಸಲ ಬರುತ್ತಾರೆ. ತೆನೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಮ್ಮ ಹುತ್ತರಿಗೆ ಇನ್ನೂ ಮೂರು ತಿಂಗಳಿದೆ, ನೀವು ಆಗಲೇ ಹೊಸ ಅಕ್ಕಿ ಉಂಡಿರಲ್ಲ" ಅನ್ನುತ್ತಾರೆ. ಹುತ್ತರಿಯ ರಾತ್ರಿ ಅವರ ಗದ್ದೆಯಲ್ಲಿ ಕದಿರು ತೆಗೆಯುವಾಗ ನಾವೂ ಹೋಗಿ "ಪೊಲಿ ಪೊಲಿ ದೇವಾ" ಅಂತ ಕೂಗುತ್ತೇವೆ. ತಂಬಿಟ್ಟು ತಿಂದು ಬರುತ್ತೇವೆ.

2018ರ ಸೆಪ್ಟೆಂಬರ್‌ನಲ್ಲಿ ತೆನೆ ಬರಲಿಲ್ಲ. ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು ಕಡೆ ಗುಡ್ಡಗಳು ಜಾರಿ ಮನೆ ತೋಟಗಳನ್ನು ನುಂಗಿದ್ದವು. ಸಂಪಾಜೆ ರಸ್ತೆ ಕುಸಿದಿತ್ತು. ನಮ್ಮ ಊರಿಗೆ ಅಷ್ಟು ಪೆಟ್ಟಾಗಲಿಲ್ಲ, ಆದರೆ ಮನೆ ಕಳೆದುಕೊಂಡ ನೆಂಟರು ಹಲವು ಮನೆಗಳಲ್ಲಿ ಬಂದು ಉಳಿದಿದ್ದರು. ಹಬ್ಬಕ್ಕೆ ಎತ್ತಿಟ್ಟ ದುಡ್ಡೆಲ್ಲ ಅಕ್ಕಿಗೆ, ಕಂಬಳಿಗೆ ಹೋಯಿತು. ಆ ದಿನ ಫಾದರ್ ಚರ್ಚ್ ಹಿಂದಿನ ಗದ್ದೆಗೆ ಇಳಿದು, ನಮ್ಮದೇ ಮಣ್ಣಿನ ಹಸಿರು ಪೈರಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ಆವತ್ತು ಕೆಸರಿನ ಬದುವಿನ ಮೇಲೆ ಸಾಲಾಗಿ ನಿಂತು ಮಾಡಿದ ಪ್ರಾರ್ಥನೆ ನನಗೆ ಬೇರೆ ಯಾವ ಹಬ್ಬದ ಪೂಜೆಗಿಂತಲೂ ಹೆಚ್ಚು ನೆನಪಿದೆ.

ಉಳಿದಂತೆ ನಮ್ಮ ವರ್ಷ ಕಾಫಿಯ ಹಿಂದೆ ನಡೆಯುತ್ತದೆ. ಕ್ರಿಸ್ಮಸ್ ಬರುವುದು ಅರೇಬಿಕಾ ಕೊಯ್ಲಿನ ನಡುವೆ, ಗೋದಲಿ ಕಟ್ಟಲು ಹುಡುಗರಿಗೆ ಸಿಗುವುದು ಕಣದ ಕೆಲಸ ಮುಗಿಸಿದ ಮೇಲಿನ ರಾತ್ರಿಗಳು ಮಾತ್ರ. ನಡುರಾತ್ರಿಯ ಪೂಜೆಯನ್ನು ಸಂಜೆಗೆ ತಂದಿದ್ದೇವೆ, ಆನೆಗಳ ಕಾರಣಕ್ಕೆ. ತೋಟದೊಳಗೆ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ನಡೆಯುವ ಹಾಗಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬಿದ್ದರೆ ಶಿಲುಬೆ ಹಾದಿಯ ಶುಕ್ರವಾರಗಳಲ್ಲಿ ಇಡೀ ಬೆಟ್ಟ ಕಾಫಿ ಹೂವಿನ ವಾಸನೆಯಲ್ಲಿ ಇರುತ್ತದೆ. ಹೂ ಮಳೆ ಬಾರದ ವರ್ಷ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆಯಲ್ಲೂ ಮಳೆಯ ಬೇಡಿಕೆ ಸೇರಿಕೊಳ್ಳುತ್ತದೆ.

ಒಂದು ಸಣ್ಣ ಚರ್ಚ್ ಏನು ಮಾಡಬಲ್ಲದು ಅನ್ನುವುದು ಸಾವಿನ ಮನೆಯಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಗುಂಡಿ ತೆಗೆಯುವುದು ಸುಲಭದ ಕೆಲಸವಲ್ಲ. ಎರಡಡಿ ಅಗೆಯುವಷ್ಟರಲ್ಲಿ ನೀರು ಜಿನುಗುತ್ತದೆ. ಬಿದಿರು ನಿಲ್ಲಿಸಿ ಟಾರ್ಪಾಲ್ ಕಟ್ಟಿ, ಅದರ ಕೆಳಗೆ ಅಗೆಯುತ್ತಾರೆ. ಒಬ್ಬ ಅಗೆದರೆ ಇಬ್ಬರು ಬಕೆಟ್‌ನಲ್ಲಿ ನೀರು ಎತ್ತಬೇಕು. ಮೊದಲೇ ತೆಗೆದಿಟ್ಟರೆ ತುಂಬಿಬಿಡುತ್ತದೆ, ಹಾಗಾಗಿ ಮನೆಯಲ್ಲಿ ಪ್ರಾರ್ಥನೆ ನಡೆಯುವಾಗಲೇ ಇಲ್ಲಿ ಗುದ್ದಲಿ ಆಡುತ್ತಿರುತ್ತದೆ. ನನ್ನ ಅಪ್ಪ ತೀರಿಕೊಂಡದ್ದು ಅಂಥ ಒಂದು ಜುಲೈನಲ್ಲಿ. ಟಾರ್ಪಾಲ್ ಕೊಟ್ಟವರು ಪೇಟೆಯಲ್ಲಿ ಅಂಗಡಿ ಇಟ್ಟಿರುವ ಮುಸ್ಲಿಮರು. ರಸ್ತೆ ಕೆಸರಾಗಿ ಗಾಡಿ ಬಾರದಿದ್ದಾಗ ಪೆಟ್ಟಿಗೆ ಬಂದದ್ದು ಪಕ್ಕದ ಕೊಡವರ ಟ್ರ್ಯಾಕ್ಟರಿನಲ್ಲಿ. ಗುಂಡಿಯೊಳಗೆ ಇಳಿದು ನೀರು ಎತ್ತಿದವರು ಲೈನ್ ಮನೆಯ ಹುಡುಗರು. ಯಾರನ್ನೂ ನಾವು ಕರೆದಿರಲಿಲ್ಲ. ಗಂಟೆ ಹೊಡೆದದ್ದು ಕೇಳಿ ಬಂದಿದ್ದರು.

ಹಿಂದಿನ ರಾತ್ರಿ ಮನೆಯಲ್ಲಿ ಜಪಸರ ಹೇಳಿದರು. ಜಪಸರದಲ್ಲಿ ಐದು ರಹಸ್ಯಗಳು, ಪ್ರತಿಯೊಂದಕ್ಕೂ ಹತ್ತು ನಮೋ ಮರಿಯ. ಮೊದಲನೆಯದನ್ನು ಅಮ್ಮ ಕೊಂಕಣಿಯಲ್ಲಿ ಶುರು ಮಾಡಿದರು. ಎರಡನೆಯದು ಚೇಚಿಯ ಮಲಯಾಳ. ಮೂರನೆಯದು ಉಪದೇಶಿಯವರ ಹೆಂಡತಿಯ ತಮಿಳು. ಉಳಿದ ಎರಡು ಕನ್ನಡ. ನಮ್ಮಲ್ಲಿ ಇದು ವಾಡಿಕೆ. ಒಬ್ಬರು ತಮ್ಮ ಭಾಷೆಯಲ್ಲಿ ಅರ್ಧ ಹೇಳಿದರೆ ಉಳಿದವರು ತಮಗೆ ಬಂದ ಭಾಷೆಯಲ್ಲಿ ಮಿಕ್ಕ ಅರ್ಧ ಹೇಳುತ್ತಾರೆ. ಒಂದೇ ಸಮಯಕ್ಕೆ ಶುರುವಾಗಿ ಒಂದೇ ಸಮಯಕ್ಕೆ ಆಮೆನ್‌ಗೆ ಬಂದು ನಿಲ್ಲುತ್ತದೆ. ಆ ರಾತ್ರಿ ನನಗೆ ಅಳು ತಡೆಯಲು ಆಗದೆ ಹೋದದ್ದು ಆ ಗುಂಪು ದನಿ ಕೇಳಿ.

ನವೆಂಬರ್ 2, ಸಕಲ ಮೃತರ ದಿನಕ್ಕೆ ಮುಂಚೆ ಎಲ್ಲರೂ ಕತ್ತಿ ಹಿಡಿದು ಸ್ಮಶಾನಕ್ಕೆ ಹೋಗುತ್ತೇವೆ. ಮಳೆಗೆ ಬೆಳೆದ ಹುಲ್ಲು, ಜರಿಗಿಡ ಕಡಿದು ತೆಗೆದರೆ ಕಲ್ಲುಗಳು ಕಾಣುತ್ತವೆ. ಒಂದರ ಮೇಲೆ ಕನ್ನಡ, ಒಂದರ ಮೇಲೆ ಮಲಯಾಳ, ಒಂದರ ಮೇಲೆ ತಮಿಳು, ಕೆಲವಕ್ಕೆ ಇಂಗ್ಲಿಷ್. ಹೆಸರೇ ಇಲ್ಲದ ಬರೀ ಮರದ ಶಿಲುಬೆಗಳೂ ಇವೆ. ಅವುಗಳಿಗೆ ಮೇಣದ ಬತ್ತಿ ಹಚ್ಚುವ ಕೆಲಸ ಧರ್ಮೋಪದೇಶ ತರಗತಿಯ ಮಕ್ಕಳದ್ದು. ಆ ಪದ್ಧತಿ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಸ್ವಲ್ಪ ಕಾಲದ ಹಿಂದೆ ನಮ್ಮ ಪಾಲನಾ ಸಮಿತಿಯಲ್ಲಿ ಒಂದು ಮಾತು ಎದ್ದಿತು. ಮಲಯಾಳದಲ್ಲಿ ಬೇರೆ ಪೂಜೆ ಬೇಕು ಅಂತ ಕೆಲವರು ಕೇಳಿದರು. ಹಾಗಾದರೆ ಕೊಂಕಣಿಯಲ್ಲೂ ಆಗಲಿ ಅಂತ ನಮ್ಮವರೇ ಒಬ್ಬರು ಎದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೆತ್ತ ತಾಯಿ ಕಲಿಸಿದ ಮಾತಲ್ಲಿ ದೇವರ ಹತ್ತಿರ ಮಾತಾಡುವ ಆಸೆ ಯಾರಿಗಿರಲ್ಲ ಹೇಳಿ. ಪೇಟೆಯ ದೊಡ್ಡ ಚರ್ಚ್‌ಗಳಲ್ಲಿ ಭಾಷೆಗೊಂದು ಪೂಜೆ ನಡೆಯುತ್ತದೆ, ಅಲ್ಲಿ ಜನ ಇದ್ದಾರೆ, ಗುರುಗಳೂ ಇದ್ದಾರೆ. ಬೆಂಗಳೂರಿನಲ್ಲಿ ಭಾಷೆಯ ವಿಷಯಕ್ಕೆ ಚರ್ಚ್‌ಗಳ ಒಳಗೆ ಎಷ್ಟು ಕಹಿಯಾಗಿದೆ ಅನ್ನುವುದನ್ನೂ ನಾವೆಲ್ಲ ಓದಿದ್ದೇವೆ. ಆದರೆ ನಮ್ಮಂಥ ಕಡೆ ನಾಲ್ಕು ಪೂಜೆ ಮಾಡಿದರೆ ಏನಾಗುತ್ತದೆ? ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೋಗಿರುತ್ತಾರೆ. ಚೇಚಿಯ ಮೊಣಕಾಲು ನೋವು ನಮಗೆ ಗೊತ್ತಾಗುವುದಿಲ್ಲ. ಲೈನ್ ಮನೆಯ ಹುಡುಗಿ ಪಿಯುಸಿ ಪಾಸಾದದ್ದು ಕಿವಿಗೆ ಬೀಳುವುದಿಲ್ಲ. ಜುಲೈನಲ್ಲಿ ಗಂಟೆ ಹೊಡೆದರೆ ಯಾವ ಪೂಜೆಯವರು ಗುಂಡಿಗೆ ಇಳಿಯಬೇಕು?

ನಾನು ಸಭೆಯಲ್ಲಿ ಅದನ್ನೇ ಹೇಳಿದೆ. ಕೊನೆಗೆ ಚೇಚಿಯೇ ಎದ್ದು ನಿಂತರು. ಕನ್ನಡದಲ್ಲೇ ಮಾತಾಡಿದರು. "ನಾನು ಇಷ್ಟು ಕಷ್ಟಪಟ್ಟು ಕಲಿತಿದ್ದು ಬಿಟ್ಟು ಹೋಗೋಕೆ ಅಲ್ಲ ಫಾದರ್" ಅಂದರು. ತಿಂಗಳಿಗೊಮ್ಮೆ ಸಂಜೆ ಯಾವ ಭಾಷೆಯವರು ಬೇಕಾದರೂ ತಮ್ಮ ಹಾಡು, ಪ್ರಾರ್ಥನೆ ಇಟ್ಟುಕೊಳ್ಳಬಹುದು, ಭಾನುವಾರದ ಪೂಜೆ ಮಾತ್ರ ಎಲ್ಲರದ್ದೂ ಒಂದೇ ಅಂತ ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ನನ್ನ ತಲೆಯಲ್ಲಿರುವುದು ಜಾರ್ಖಂಡ್, ಅಸ್ಸಾಂನಿಂದ ಬಂದವರ ವಿಷಯ. ತೋಟಗಳ ಕೆಲಸ ಈಗ ಬಹಳ ಮಟ್ಟಿಗೆ ಅವರ ಕೈಯಲ್ಲಿದೆ. ಅವರಲ್ಲಿ ಕ್ಯಾಥೋಲಿಕರೂ ಇದ್ದಾರೆ. ಪೂಜೆ ಎಲ್ಲಾದರೂ ಒಂದೇ ಕ್ರಮ, ಹಾಗಾಗಿ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಅನ್ನುವುದು ಅವರಿಗೆ ಗೊತ್ತು. ಮಾತು ಮಾತ್ರ ಗೊತ್ತಿಲ್ಲ. ಕೊನೆಯ ಬೆಂಚಿನಲ್ಲಿ ಕೂತು, ಪೂಜೆ ಮುಗಿದ ತಕ್ಷಣ ಹೊರಟುಬಿಡುತ್ತಿದ್ದರು. ನಮ್ಮ ಅಜ್ಜಂದಿರು ಬಂದಾಗ ಹೇಗಿದ್ದರೋ ಹಾಗೇ ಇವರೂ ಇದ್ದಾರೆ. ಅವರನ್ನು ಹೊರಗಿನವರು ಅಂತ ಯಾರಾದರೂ ಅಂದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಹೋದ ವರ್ಷದಿಂದ ಉಪದೇಶಿಯವರ ಮಗಳು ಪೂಜೆಯ ನಂತರ ಹಾಲ್‌ನಲ್ಲಿ ಅವರಿಗೆ ಕನ್ನಡ ಹೇಳಿಕೊಡುತ್ತಿದ್ದಾಳೆ. ಕಾಫಿ, ಬನ್ ಕೊಡುವುದು ಮಹಿಳಾ ಸಂಘದವರು. ಮೊದಮೊದಲು ಇಬ್ಬರು ಮೂವರು ಬರುತ್ತಿದ್ದರು, ಈಗ ಹಾಲ್‌ನ ಒಂದು ಬದಿ ತುಂಬುತ್ತದೆ. ಸಂಬಳದ ಲೆಕ್ಕ ಕೇಳುವುದು, ಆಸ್ಪತ್ರೆಯಲ್ಲಿ ಚೀಟಿ ಬರೆಸುವುದು, ಬಸ್ಸಿನ ಬೋರ್ಡ್ ಓದುವುದು, ಇದೆಲ್ಲ ಮೊದಲು. ಪ್ರಾರ್ಥನೆ ಆಮೇಲೆ. ಗುಮ್ಲಾ ಕಡೆಯ ಒಬ್ಬ ಹುಡುಗಿ ಬೇಗ ಕಲಿತಳು. ಈ ಕ್ರಿಸ್ಮಸ್‌ಗೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದನ್ನು ಅವಳೇ ಓದಲಿ ಅಂತ ಫಾದರ್ ಹೇಳಿದ್ದಾರೆ. ಮೂರು ಸಾಲು. ನಾಗರಿ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಎಲ್ಲಿ ನಿಲ್ಲಿಸಬೇಕು ಅಂತ ಚೇಚಿ ಪಕ್ಕದಲ್ಲಿ ಕೂತು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟಿದ್ದಾರೆ. ಕಾಣಿಕೆಯ ಹಾಡು ಸಾದ್ರಿಯಲ್ಲಿ ಹಾಡುತ್ತೇವೆ, ತಮ್ಮ ಊರಿನ ಮಾಂದರ್ ಡೋಲು ಬಾರಿಸುತ್ತೇವೆ ಅಂತ ಅವಳ ಜೊತೆಯ ಹುಡುಗರು ಕೇಳಿದ್ದಾರೆ. ಸಮಿತಿ ಒಪ್ಪಿದೆ. ನಮ್ಮ ತಬಲದವರು ಈಗಲೇ ಅವರ ಲೈನ್ ಮನೆಗೆ ಹೋಗಿ ತಾಳ ಕಲಿಯುತ್ತಿದ್ದಾರೆ.